ನಾನು ಮುಟ್ಟದ ಕಾಗದ

ಜನವರಿ ೯

ಗೀಟು,

ಈ ವಯಸ್ಸಿನಲ್ಲೂ ಹೀಗೆ ಕರೆಯುತ್ತಾಳೆ ಅಂತ ಮುಖ ಸಿಂಡರಿಸಬೇಡ. ಮೂರನೇ ಕ್ಲಾಸಿನಲ್ಲಿ ಪಾಠ ಬರೆಯುವುದು ಬಿಟ್ಟು ನೋಟ್‌ಬುಕ್ಕಿನ ತುಂಬ ಅಂಚಿನ ಗೆರೆ ಎಳೆದಿಟ್ಟವನು ನೀನು. ಫೋನು ಮಾಡದೆ ಕಾಗದ ಬರೆಯುತ್ತಿರುವುದಕ್ಕೂ ಕಾರಣ ಇದೆ. ಫೋನಿನಲ್ಲಿ "ಹೂಂ ಅಕ್ಕ, ಹೂಂ ಅಕ್ಕ" ಅಂದು ಜಾರಿಕೊಳ್ಳುತ್ತೀಯ. ಕಾಗದ ಅಂದರೆ ನಿನಗೆ ಮನುಷ್ಯರಿಗಿಂತ ಜಾಸ್ತಿ ಮರ್ಯಾದೆ.

ವಿಷಯ ನನ್ನ ಬಲಗೈ. ಹೆಬ್ಬೆರಳು, ಪಕ್ಕದ ಎರಡು ಬೆರಳು ಮರಗಟ್ಟಿ ಮೂರು ತಿಂಗಳಾಯಿತು. ಕಳೆದ ವಾರ ಅಂಗಡಿಯಲ್ಲಿ ಶಾಲೆ ಕೋಟಿನ ಬಟ್ಟೆ ಎಂಟು ಪದರ ಹಾಸಿ ಕತ್ತರಿಸುತ್ತಿದ್ದೆ. ಕೈಯಲ್ಲಿ ಕತ್ತರಿ ಇದೆ ಅಂತಲೇ ಅಂದುಕೊಂಡಿದ್ದೆ. ನೋಡಿದರೆ ಅದು ಕಾಲ ಬಳಿ ಬಿದ್ದಿದೆ! ಇಪ್ಪತ್ತೆರಡು ವರ್ಷದಲ್ಲಿ ಅದು ನನ್ನ ಕೈ ಜಾರಿದ್ದು ಅದೇ ಮೊದಲು. ಯಜಮಾನ ಕೌಂಟರಿನಿಂದಲೇ ಕತ್ತು ಉದ್ದ ಮಾಡಿ ನೋಡಿದ. "ಏನಿಲ್ಲ, ಕೈ ಬೆವರಿತ್ತು" ಅಂದೆ.

ನಮ್ಮ ಬೀದಿಯ ಡಾಕ್ಟರು ಡಿಸೆಂಬರಿನಲ್ಲೇ ಹೆಬ್ಬೆರಳಿನ ಬುಡ ಒತ್ತಿ ನೋಡಿದ್ದರು. "ಇಲ್ಲಿ ಮಾಂಸ ಕರಗ್ತಾ ಇದೆಯಮ್ಮ. ಮಣಿಕಟ್ಟಲ್ಲಿ ನರ ಸಿಕ್ಕಿಹಾಕ್ಕೊಂಡಿದೆ. ಬೇಗ ಬಿಡಿಸಿದ್ರೆ ಕೈ ವಾಪಸ್ ಬರುತ್ತೆ. ತಡ ಆದ್ರೆ ಆಪರೇಷನ್ ಮಾಡಿದ್ರೂ ಬರಲ್ಲ" ಅಂದು ನಿಮ್ಮ ಆಸ್ಪತ್ರೆಯ ನರದ ಡಾಕ್ಟರಿಗೆ ಕಾಗದ ಬರೆದು ಕಳಿಸಿದರು. ಸುತ್ತಮುತ್ತ ಆ ಕೆಲಸ ಬಲ್ಲವರು ಇಬ್ಬರೇ, ಇಬ್ಬರೂ ಕೂರುವುದು ನಿಮ್ಮಲ್ಲೇ. ನಿನ್ನೆ ನಿಮ್ಮಿಂದ ಉತ್ತರ ಬಂತು: "ತಮ್ಮ ಸರದಿ ಬಂದಾಗ ತಿಳಿಸಲಾಗುವುದು." ಕೆಳಗೆ ಸಹಿ ಇಲ್ಲ, ಸಹಿಯ ಜಾಗದಲ್ಲಿ "ಇದಕ್ಕೆ ಸಹಿಯ ಅಗತ್ಯವಿಲ್ಲ" ಅಂತ ಅಚ್ಚು. ಎಂಥ ಧೈರ್ಯವಂತರಪ್ಪ ನೀವು!

ಸಾಲು ಮುರಿದು ನನ್ನನ್ನು ಮುಂದೆ ನಿಲ್ಲಿಸು ಅಂತ ಕೇಳುತ್ತಿಲ್ಲ. ಅಷ್ಟು ಕೆಟ್ಟಿಲ್ಲ ನಾನು. ಆ ಕಾಗದಗಳು ಬಂದು ಬೀಳುವುದೇ ನಿನ್ನ ಮೇಜಿನ ಮೇಲೆ ತಾನೇ? ನನ್ನದನ್ನು ಯಾರಾದರೂ ಓದಿದರೋ ಇಲ್ಲವೋ, ಅಷ್ಟು ನೋಡಿ ತಿಳಿಸು.

ನಿನ್ನ ಅಕ್ಕ


ಜನವರಿ ೨೪

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ತಲುಪಿತು. ನಮ್ಮ ವಿಭಾಗದ ಬಗ್ಗೆ ನೀನು ತಿಳಿಯದೆ ಮಾತನಾಡಿದ್ದೀಯ, ಆದ್ದರಿಂದ ತಿಳಿಸುತ್ತೇನೆ. ಇಲ್ಲಿ ನಾಲ್ಕು ಕುರ್ಚಿ, ಮೂರು ಟ್ರೇ. ಊರೂರ ಡಾಕ್ಟರುಗಳು ಬರೆದ ಕಾಗದ ಓದಿ, ಪಟ್ಟಿಯಲ್ಲಿರುವ ಲಕ್ಷಣಗಳಿಗೆ ಹೋಲಿಸಿ, ಯಾವ ಟ್ರೇ ಅಂತ ನಾವು ತೀರ್ಮಾನಿಸುತ್ತೇವೆ. ಕೆಂಪು ಮೂರು ವಾರದೊಳಗೆ. ಹಳದಿ ನಾಲ್ಕು ತಿಂಗಳೊಳಗೆ. ಬಿಳಿ ಸರದಿ ಬಂದಾಗ.

ಜನ ಎಂಥವರು ಅಂತ ನಿನಗೆ ಗೊತ್ತಿಲ್ಲ. ಬೆರಳಿಗೆ ಸೂಜಿ ಚುಚ್ಚಿಕೊಂಡವನೂ "ಪ್ರಾಣ ಹೋಗ್ತಿದೆ ಸಾರ್" ಅನ್ನುತ್ತಾನೆ. ಮೊನ್ನೆ ಒಬ್ಬ ತನ್ನ ಮಾವ ಯಾರು ಅಂತ ಹೇಳಲು ಕಾಲು ಗಂಟೆ ತೆಗೆದುಕೊಂಡ, ಕಾಯಿಲೆ ಏನು ಅಂತ ಹೇಳುವುದನ್ನೇ ಮರೆತ. ಮೂರು ವರ್ಷದ ಹಿಂದೆ ನನ್ನ ಪಕ್ಕದ ಕುರ್ಚಿಯವನು ತನ್ನ ಭಾವಮೈದುನನ ಕಾಗದವನ್ನು ಬಿಳಿಯಿಂದ ಕೆಂಪಿಗೆ ದಾಟಿಸಿದ. ಹಿಡಿದುಕೊಟ್ಟವನು ನಾನು. ಅವನನ್ನು ಉಗ್ರಾಣಕ್ಕೆ ಹಾಕಿದರು. ಅಂದಿನಿಂದ ಉಳಿದವರು ನಾನು ಯಾವಾಗ ಎಡವುತ್ತೇನೆ ಅಂತ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಾರೆ.

ನಿನ್ನ ಕಾಗದ ಬಂದಿದೆ. ಅದು ನನ್ನ ಪಾಲಿಗೇ ಬಂತು. ನಾನು ಮುಟ್ಟಲಿಲ್ಲ. "ರೋಗಿ ನನ್ನ ಅಕ್ಕ, ನಾನು ತೀರ್ಮಾನಿಸುವಂತಿಲ್ಲ" ಎಂದು ಚೀಟಿ ಬರೆದು ಅಂಟಿಸಿ ಪಕ್ಕಕ್ಕಿಟ್ಟೆ. ಬೇರೆಯವರು ನೋಡುತ್ತಾರೆ. ಹನ್ನೊಂದು ವರ್ಷದಲ್ಲಿ ನನ್ನ ಕೈಯಿಂದ ಒಬ್ಬರೂ ಅನ್ಯಾಯವಾಗಿ ಮುಂದೆ ಹೋಗಿಲ್ಲ. ಇದು ನಿನಗೂ ಹೆಮ್ಮೆಯ ವಿಷಯ ಆಗಬೇಕು.

ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ


ಮಾರ್ಚ್ ೨

ಗೀಟು,

ಹೆಮ್ಮೆಯಿಂದ ಎದೆ ಉಬ್ಬಿ ರವಿಕೆಯ ಹೊಲಿಗೆ ಬಿಟ್ಟುಹೋಯಿತು, ಸಾಕಾ?

ನಿಮ್ಮ ಆಸ್ಪತ್ರೆಗೆ ಫೋನು ಮಾಡಿದ್ದೆ. "ನಿಮ್ಮ ಕರೆ ನಮಗೆ ಅಮೂಲ್ಯ" ಅಂತ ಒಂದು ಹೆಣ್ಣು ಧ್ವನಿ. ಅಷ್ಟು ಅಮೂಲ್ಯವಾದರೆ ಎತ್ತು ಮಾರಾಯ್ತಿ! ನಲವತ್ತು ನಿಮಿಷ ಕೊಳಲು ಊದಿದರು. ಆಮೇಲೆ ಒಬ್ಬ ನಿಜವಾದ ಮನುಷ್ಯ ಸಿಕ್ಕ.

"ಪರಿಶೀಲನೆಯಲ್ಲಿದೆ ಮೇಡಂ."

"ಯಾರು ಪರಿಶೀಲಿಸ್ತಿದ್ದಾರೆ?"

"ಸಂಬಂಧಪಟ್ಟವರು ಮೇಡಂ."

"ತಮಗೆ ಸಂಬಂಧಪಟ್ಟಿದೆ ಅಂತ ಅವರಿಗೆ ಗೊತ್ತಾ?"

ಕಟ್ ಮಾಡಿದ. ಇವರಿಗೆಲ್ಲ ಒಂದೇ ಶಾಲೆಯಲ್ಲಿ ಪಾಠ ಹೇಳಿಕೊಡುತ್ತಾರೋ ಏನೋ.

ಅಂಗಡಿಯಲ್ಲಿ ಹೇಗೋ ನಡೆಸುತ್ತಿದ್ದೇನೆ. ಕತ್ತರಿಯ ಹಿಡಿಗೆ ಬಟ್ಟೆ ಸುತ್ತಿ ಕೈಗೆ ಬಿಗಿದು ಕಟ್ಟಿಕೊಳ್ಳುತ್ತೇನೆ. ಯಜಮಾನ ಊಟಕ್ಕೆ ಹೋದಾಗ ಕಾಜಾ ಹೊಲಿಯುವವಳು ಬಂದು ದಪ್ಪ ಬಟ್ಟೆ ಕತ್ತರಿಸಿಕೊಡುತ್ತಾಳೆ. ಪುಣ್ಯಾತ್ಗಿತ್ತಿ, ಮನಸ್ಸು ಒಳ್ಳೆಯದು, ಆದರೆ ಅವಳ ಕತ್ತರಿ ಗೆರೆಯ ಮೇಲೊಂದು ಬಿಟ್ಟು ಎಲ್ಲ ಕಡೆ ಓಡಾಡುತ್ತದೆ. ನಿನ್ನ ಭಾವನಿಗೂ ಪೂರ್ತಿ ಹೇಳಿಲ್ಲ. ಹೇಳಿದರೆ ಆ ಮನುಷ್ಯ ಗಾಡಿ ಓಡಿಸುವುದು ಬಿಟ್ಟು ನನ್ನ ಮುಖ ನೋಡುತ್ತಾ ಕೂರುತ್ತಾರೆ. ಅದು ಕೈನೋವಿಗಿಂತ ಹಿಂಸೆ.

ಬೇರೆಯವರು ನೋಡುತ್ತಾರೆ ಅಂದೆಯಲ್ಲ, ನೋಡಿದರಾ?

ಅಕ್ಕ


ಮಾರ್ಚ್ ೧೯

ಅಕ್ಕನಿಗೆ ನಮಸ್ಕಾರ.

ನಿನಗೆ ಮೊದಲಿನಿಂದಲೂ ತಾಳ್ಮೆ ಕಡಿಮೆ. ಕಾಯುವುದೂ ಒಂದು ಶಿಸ್ತು. ಇಲ್ಲಿ ದಿನಕ್ಕೆ ಇನ್ನೂರು ಕಾಗದ ಬರುತ್ತವೆ, ಇನ್ನೂರು ಜನರಿಗೂ ತಮ್ಮದೇ ದೊಡ್ಡದು.

ನಿನ್ನ ಕಾಗದದ ಬಗ್ಗೆ ವಿಚಾರಿಸುವುದೂ ಒಂದು ರೀತಿಯ ವಶೀಲಿಯೇ. ನಾನು ಎದುರು ಕುರ್ಚಿಯವರ ಬಳಿ ಹೋಗಿ "ನಮ್ಮಕ್ಕನದು ಏನಾಯ್ತು ಸಾರ್" ಅಂದರೆ ಸಂಜೆಯೊಳಗೆ ಇಡೀ ಮಹಡಿಗೆ ಗೊತ್ತಾಗುತ್ತದೆ. ಹಾಗಾಗಿ ಕೇಳಿಲ್ಲ, ಕೇಳುವುದೂ ಇಲ್ಲ.

ಒಂದು ಮಾತು, ತಪ್ಪು ತಿಳಿಯಬೇಡ. ಎರಡು ಪುಟ ಬರೆದಿದ್ದೀಯ. ಅಕ್ಷರ ಮುತ್ತಿನ ಹಾಗೆ ಇದೆ. ಕೈ ಅಷ್ಟೇನೂ ಕೆಟ್ಟಿರಲಾರದು ಅಂತ ನನಗೆ ಸಮಾಧಾನವಾಯಿತು. ಬಿಸಿನೀರಿನಲ್ಲಿ ಅದ್ದಿಟ್ಟುಕೊ.

ನಿನ್ನ ತಮ್ಮ


ಮೇ ೬

ಕುರ್ಚಿ ಸಾಹೇಬರಿಗೆ,

ಬಿಸಿನೀರಿನ ಸಲಹೆಗೆ ವಂದನೆಗಳು. ನಾಲ್ಕು ಊರಿನ ಡಾಕ್ಟರುಗಳಿಗೆ ಹೊಳೆಯದ್ದು ಒಬ್ಬ ಗುಮಾಸ್ತನಿಗೆ ಹೊಳೆಯಿತು. ಆ ಮುತ್ತಿನ ಅಕ್ಷರದ ಎರಡು ಪುಟ ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ಪೆನ್ನನ್ನು ಕೈಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಕೊಂಡು ಬರೆದೆ. ಅಡ್ಡಾದಿಡ್ಡಿ ಬರೆದಿದ್ದರೆ ನಿನಗೆ ಅರ್ಥವಾಗುತ್ತಿತ್ತೇನೋ. ನನಗೆ ಅಡ್ಡಾದಿಡ್ಡಿ ಕೆಲಸ ಮಾಡಿ ಅಭ್ಯಾಸವಿಲ್ಲ, ಅದು ನನ್ನ ತಪ್ಪು.

ಈಗ ಕೇಳು. ಯಜಮಾನನ ನಾದಿನಿ ಎಲ್ಲೋ ಟೈಪು ಮಾಡುವ ಕೆಲಸದವಳು. ಅವಳಿಗೂ ಮಣಿಕಟ್ಟು ನೋವು. ಅವಳ ಕಾಗದ ನಿಮ್ಮಲ್ಲಿಗೆ ಬಂದದ್ದು ಮಾರ್ಚ್ ತಿಂಗಳ ಮಧ್ಯದಲ್ಲಿ. ನನ್ನದು ಬಂದು ಮೂರು ತಿಂಗಳಾದ ಮೇಲೆ! ಅವಳಿಗೆ ಏಪ್ರಿಲಿನಲ್ಲಿ ಕರೆ ಬಂತು. ನೋಡಿಸಿಕೊಂಡು, ಕೈಗೆ ಪಟ್ಟಿ ಕಟ್ಟಿಸಿಕೊಂಡು ಅಂಗಡಿಗೆ ಬಂದು "ಅಯ್ಯೋ, ಏನೂ ಕಷ್ಟ ಇಲ್ಲಪ್ಪ, ಬರೀ ಐದು ವಾರ ಕಾದೆ" ಅಂತ ನನ್ನ ಮೇಜಿಗೆ ಒರಗಿಕೊಂಡು ಹೇಳಿದಳು. ಮೈಯೆಲ್ಲ ಉರಿದುಹೋಯಿತು.

ಎಲ್ಲಿ ಹೋಯಿತು ನಿನ್ನ ಹನ್ನೊಂದು ವರ್ಷ? ಅಕ್ಕನನ್ನು ಮುಂದೆ ತಳ್ಳುವುದು ಪಾಪ, ಕಂಡವರ ನಾದಿನಿ ಮುಂದೆ ಹೋಗುವುದು ನಿಯಮವಾ? ಅಥವಾ ನನ್ನನ್ನು ಬಿಳಿ ಟ್ರೇಗೆ ಹಾಕಿ ಮರೆತರಾ? ಹಾಗಾದರೆ ಹಾಗಂತ ಹೇಳು. ಕೈ ಉಳಿಯುತ್ತೋ ಇಲ್ಲವೋ ಅನ್ನುವುದು ನನಗೆ ಬೇಕು, ನಿನ್ನ ಶೀಲದ ವರದಿಯಲ್ಲ.

ಅಕ್ಕ


ಮೇ ೧೪

ಅಕ್ಕನಿಗೆ,

ನಮ್ಮಲ್ಲಿ ಯಾವ ವಶೀಲಿಯೂ ನಡೆದಿಲ್ಲ. ಆಕೆಯ ಕಾಗದ ನಿಯಮದಂತೆ ಹಳದಿಗೆ ಹೋಗಿತ್ತು.

ನಿನ್ನದನ್ನೂ ಪರಿಶೀಲಿಸಿದೆ. ಅದೂ ಹಳದಿ ಟ್ರೇನಲ್ಲಿದೆ. ಕರೆ ಬರುತ್ತದೆ. ಈ ಧಾಟಿಯ ಕಾಗದಗಳಿಗೆ ಇನ್ನು ಮೇಲೆ ಉತ್ತರ ಬರೆಯುವುದು ನನಗೆ ಕಷ್ಟ.

ತಮ್ಮ


ಜೂನ್ ೨೦

ಗೀಟು,

ಇದು ಎಡಗೈ ಬರಹ. ಮುತ್ತು ಉದುರಿಹೋದವು, ನೋಡಿ ಸಂತೋಷಪಡು.

ಯಜಮಾನ ನನ್ನ ಕತ್ತರಿ ತೆಗೆದುಕೊಂಡ. ಬೈಯಲಿಲ್ಲ, ಅದೇ ಹೊಟ್ಟೆ ಉರಿಸಿದ್ದು. "ಸ್ವಲ್ಪ ದಿನ ನೀವು ಚೀಟಿ ಅಂಟಿಸೋ ಕೆಲಸ ನೋಡ್ಕೊಳ್ಳಿ ಅಕ್ಕಾ" ಅಂದ. ಮೂವತ್ತಾರು ಶಾಲೆಯ ಕೋಟು ನನ್ನ ಕೈಯ ಅಳತೆಯಲ್ಲಿ ನಡೆಯುತ್ತಿದ್ದವು. ಈಗ ಅವುಗಳ ಕಾಲರಿಗೆ ಸೈಜಿನ ಚೀಟಿ ಅಂಟಿಸುತ್ತಿದ್ದೇನೆ. ನನ್ನ ಮೇಜಿನ ಮುಂದೆ ಈಗ ಕಾಜಾದವಳು ನಿಂತಿದ್ದಾಳೆ. ಅವಳ ತೋಳುಗಳೆಲ್ಲ ಒಂದು ಉದ್ದ, ಒಂದು ಗಿಡ್ಡ. ನೋಡಿಯೂ ನೋಡದ ಹಾಗೆ ಕೂರುತ್ತೇನೆ. ಅಳು ಬರುತ್ತದೆ ಕಣೋ. ಹೇಳಬಾರದು ಅಂದುಕೊಂಡಿದ್ದೆ, ಬರೆದಾಯಿತು, ಹೊಡೆದು ಹಾಕಲು ಎಡಗೈಗೆ ಬರುವುದಿಲ್ಲ.

ಬೀದಿಯ ಡಾಕ್ಟರು ಮತ್ತೆ ನೋಡಿದರು. ಹೆಬ್ಬೆರಳಿನ ಬುಡ ತಟ್ಟೆಯ ಹಾಗೆ ಚಪ್ಪಟೆಯಾಗಿದೆ. ಅವರೇ ಗಾಬರಿಯಾಗಿ ತುರ್ತು ಅಂತ ಬರೆದು ಎರಡನೇ ಕಾಗದ ಕಳಿಸಿದರು. ನಿಮ್ಮ ಉತ್ತರ: "ಈ ರೋಗಿಯ ಮನವಿ ಈಗಾಗಲೇ ಪರಿಶೀಲನೆಯಲ್ಲಿರುವುದರಿಂದ ಎರಡನೆಯದನ್ನು ಮೊದಲಿನದಕ್ಕೆ ಲಗತ್ತಿಸಲಾಗಿದೆ." ಲಗತ್ತಿಸುವುದಕ್ಕೆ ಮೊದಲು ಒಬ್ಬರಾದರೂ ಒಡೆದು ಓದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಅಕ್ಕ


ಜುಲೈ ೧೫

ಒಂದು ಸಾಲು ಬರಿ. ಬೈದಾದರೂ ಬರಿ.

ಅಕ್ಕ


ಆಗಸ್ಟ್ ೨

ಅಕ್ಕಾ,

ಆಗಸ್ಟ್ ಇಪ್ಪತ್ತೊಂದಕ್ಕೆ ನಿನ್ನ ಸರದಿ. ಬೆಳಿಗ್ಗೆ ಹತ್ತಕ್ಕೆ. ಅಧಿಕೃತ ಕಾಗದ ಬೇರೆ ಬರುತ್ತದೆ.

ಇದರ ಜೊತೆಗೆ ಹೇಳಬೇಕಾದದ್ದು ಇದೆ. ಎಂಟು ಸಲ ಬರೆದು ಹರಿದಿದ್ದೇನೆ.

ಮೂರು ವರ್ಷದ ಹಿಂದಿನ ಆ ಭಾವಮೈದುನನ ಗಲಾಟೆಯಾದ ಮೇಲೆ ನಾನೇ ಒಂದು ಪದ್ಧತಿ ಶುರುಮಾಡಿದ್ದೆ. ಸಿಬ್ಬಂದಿಯ ನೆಂಟರ ಕಾಗದ ಬಂದರೆ ಚೀಟಿ ಅಂಟಿಸಿ ಕಿಟಕಿ ಪಕ್ಕದ ಕಪಾಟಿನಲ್ಲಿ ಇಡಬೇಕು, ಬೇರೆಯವರು ತೆಗೆದು ನೋಡಬೇಕು. ಎಲ್ಲರೂ ಒಪ್ಪಿದ್ದರು. ಬೇರೆಯವರು ಅಂದರೆ ಯಾರು ಅಂತ ಯಾರೂ ಕೇಳಲಿಲ್ಲ, ನಾನೂ ಬರೆದಿಡಲಿಲ್ಲ.

ಮೇ ತಿಂಗಳಲ್ಲಿ ನಿನ್ನ ಕಾಗದ ಓದಿ ನನಗೆ ಸಿಟ್ಟು ಬಂತು. ನಿನಗೆ ಸರಿಯಾದ ಉತ್ತರ ಕೊಡಬೇಕು ಅಂತಲೇ ಕಪಾಟು ತೆಗೆದೆ. ನಿನ್ನದು ಅಲ್ಲೇ ಇತ್ತು. ನಾನಿಟ್ಟ ಹಾಗೇ ಇತ್ತು. ಎದುರು ಕುರ್ಚಿಯವರನ್ನು ಕೇಳಿದರೆ, "ನಿಮ್ಮ ಅಕ್ಕನದು ಅಲ್ವಾ? ನೀವೇ ನೋಡ್ಕೋತೀರಿ ಅಂತ ಬಿಟ್ಟಿದ್ದೆ. ನಿಮ್ಮ ಕಾಗದಕ್ಕೆ ಕೈ ಹಾಕಿ ನಿಮ್ಮ ಹತ್ರ ಬೈಸ್ಕೊಳ್ಳೋರು ಯಾರು ಸಾರ್?" ಅಂದರು. ಅದರ ಪಕ್ಕದಲ್ಲಿ ಇನ್ನೂ ಆರು ಕಾಗದ ಇದ್ದವು. ಒಂದು ಹೋದ ವರ್ಷದ್ದು.

ಆಗಲೇ ಮೇಲಿನವರಿಗೆ ಹೇಳಬೇಕಿತ್ತು. ಹೇಳಿದರೆ ಪದ್ಧತಿ ಯಾರದು ಅಂತ ಕೇಳುತ್ತಾರೆ. ಕೆಂಪಿಗೆ ಹಾಕಿದರೆ ಅಕ್ಕನನ್ನು ಮುಂದೆ ತಳ್ಳಿದ ಅನ್ನುತ್ತಾರೆ. ನಾನು ಚೀಟಿ ಕಿತ್ತು, ಅಂದಿನ ತಾರೀಖಿನ ಮುದ್ರೆ ಒತ್ತಿ, ಹೊಸದಾಗಿ ಬಂದ ಕಾಗದದ ಹಾಗೆ ಹಳದಿಯಲ್ಲಿ ಎಲ್ಲರ ಕೆಳಗೆ ಇಟ್ಟೆ. ನ್ಯಾಯವಾಗಿಯೇ ಇಟ್ಟಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡೆ. ಜುಲೈಯಲ್ಲಿ ನಿನ್ನ ಒಂದು ಸಾಲಿನ ಕಾಗದ ಬಂದ ಮೇಲೆ ನಿಮ್ಮ ಡಾಕ್ಟರ ಎರಡನೇ ಕವರು ಒಡೆದು ಓದಿದೆ. ಅಷ್ಟು ಹೊತ್ತಿಗೆ ಹಳದಿಯ ಸರದಿಯಲ್ಲೇ ನಿನ್ನ ದಿನ ನಿಗದಿಯಾಗಿತ್ತು.

ಇಪ್ಪತ್ತೊಂದಕ್ಕೆ ತಪ್ಪದೆ ಬಾ.

ತಮ್ಮ


ಆಗಸ್ಟ್ ೨೩

ಗೀಟು,

ಬಂದಿದ್ದೆ. ನೀನೂ ನೋಡಿದೆ, ನಾನೂ ನೋಡಿದೆ. ಗಾಜಿನ ಆಚೆಯಿಂದ "ನೋಂದಣಿ ಸಂಖ್ಯೆ ಹೇಳಿ" ಅಂದೆಯಲ್ಲ, ತಲೆ ಎತ್ತದೆ, ಆ ಮಾತು ಕೇಳಿ ನಿನ್ನ ಭಾವನಿಗೆ ಕಣ್ಣು ಕೆಂಪಾಯಿತು. ನಾನೇ ತೋಳು ಹಿಡಿದು ಕೂರಿಸಿದೆ. ಎಂಥ ಹೇಡಿಯಪ್ಪ ನೀನು.

ನರದ ಡಾಕ್ಟರು ಒಳ್ಳೆಯವರು. ಬೆರಳಿಗೆ ತಂತಿ ಹಚ್ಚಿ ಕರೆಂಟು ಬಿಟ್ಟು ನೋಡಿದರು. ಮೂರು ಸಲ ನೋಡಿದರು. ಆಮೇಲೆ ತಂತಿ ತೆಗೆದು ನನ್ನ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ಕೂತರು. ಆಗಲೇ ತಿಳಿಯಿತು.

"ಆಪರೇಷನ್ ಮಾಡೋಣಮ್ಮ. ನೋವು ಹೋಗುತ್ತೆ. ಹೆಬ್ಬೆರಳಿನ ಬಲ ಬರಲ್ಲ. ನಾಲ್ಕು ತಿಂಗಳ ಹಿಂದೆ ಬಂದಿದ್ರೆ ನಾನು ಬೇರೆ ಮಾತು ಹೇಳ್ತಿದ್ದೆ. ಯಾಕಿಷ್ಟು ತಡ ಮಾಡಿದ್ರಿ?"

ಅವರೇ ನನ್ನ ಕಾಗದ ತಿರುಗಿಸಿ ನೋಡಿದರು. ನಿನ್ನ ಮೇ ತಿಂಗಳ ಮುದ್ರೆಯ ಪಕ್ಕದಲ್ಲೇ ಬೀದಿಯ ಡಾಕ್ಟರು ಬರೆದ ಡಿಸೆಂಬರ್ ತಾರೀಖು. ಅದನ್ನು ಅಳಿಸಲು ನಿನಗೆ ಹೊಳೆಯಲಿಲ್ಲ, ಅಥವಾ ಅಷ್ಟು ಪ್ರಾಮಾಣಿಕತೆ ಮಿಕ್ಕಿತ್ತು. "ಇದ್ರ ಬಗ್ಗೆ ನೀವು ದೂರು ಕೊಡಬೇಕು" ಅಂದರು.

ಇಪ್ಪತ್ತೆರಡು ವರ್ಷದ ಕೆಲಸ ಹೋಯಿತು ಕಣೋ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಗೋಳೋ ಅಂತ ಅತ್ತೆ. ಆ ಭಾವಮೈದುನನನ್ನು ಮುಂದೆ ತಳ್ಳಿದವನು ಕಳ್ಳನೇ ಇರಲಿ, ಅವನಿಗೆ ತನ್ನವರ ನೋವಾದರೂ ಕಂಡಿತ್ತು. ನಿನಗೆ ಕಂಡದ್ದು ನಿನ್ನ ಮುಖ ಒಂದೇ. ನಿನ್ನ ಹೆಸರಿಗೆ ಮಸಿ ಹತ್ತಬಾರದು ಅಂತ ನನ್ನ ಕೈ ಹೋಯಿತು.

ದೂರು ಕೊಡುತ್ತೇನೆ. ನಿನ್ನ ಮೇಲಿನ ಹಗೆಗಲ್ಲ, ಆ ಕಪಾಟಿನಲ್ಲಿ ಇನ್ನೂ ಆರು ಜನ ಇದ್ದಾರೆ. ಅವರನ್ನು ಏನು ಮಾಡಿದೆ ಅಂತ ನೀನು ಬರೆದಿಲ್ಲ. ಎಡಗೈಯಲ್ಲಿ ನಾಲ್ಕು ಪುಟ ನನ್ನಿಂದಾಗದು. ದೂರನ್ನು ನೀನೇ ಬರಿ. ಕಾಗದ ಬರೆಯುವುದರಲ್ಲಿ ಪಂಡಿತ ನೀನು.

ಅಕ್ಕ


ಸೆಪ್ಟೆಂಬರ್ ೫

ಅಕ್ಕಾ,

ಗಾಜಿನ ಆಚೆ ನಿನ್ನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಸಂಖ್ಯೆ ಕೇಳಿದರೆ ತಲೆ ತಗ್ಗಿಸಿರಬಹುದು, ಅದಕ್ಕೇ ಕೇಳಿದೆ.

ದೂರು ಬರೆದು ಕಳಿಸಿದ್ದೇನೆ. ಸಹಿ ಮಾಡಿ ಹಿಂದಕ್ಕೆ ಕಳಿಸು, ನಾನೇ ಒಯ್ದು ಕೊಡುತ್ತೇನೆ. ಮುಖ್ಯ ಸಾಲು ಹೀಗಿದೆ: "ಸಿಬ್ಬಂದಿಯ ಕಣ್ತಪ್ಪಿನಿಂದ ಸದರಿ ಮನವಿಯು ಐದು ತಿಂಗಳ ಕಾಲ ಪರಿಶೀಲನೆಗೆ ಬಾರದೆ ಉಳಿದಿದ್ದು, ಇದರಿಂದ ಅರ್ಜಿದಾರರಿಗೆ ತುಂಬಲಾರದ ನಷ್ಟವಾಗಿರುತ್ತದೆ."

ಆ ಆರು ಕಾಗದ ಇನ್ನೂ ಕಪಾಟಿನಲ್ಲಿವೆ. ತೆಗೆದರೆ ನಿನ್ನದೂ ಹೊರಬರುತ್ತದೆ ಅಂತ ಮುಟ್ಟಿರಲಿಲ್ಲ.

ತಮ್ಮ


ಸೆಪ್ಟೆಂಬರ್ ೧೧

ಗೀಟು,

ನಿನ್ನ ದೂರನ್ನು ಹಿಂದಕ್ಕೆ ಕಳಿಸಿದ್ದೇನೆ, ಹರಿದು.

ಕಣ್ತಪ್ಪು ಅಂತೆ! ಹೊಲಿಗೆಯಲ್ಲಿ ಕಣ್ತಪ್ಪು ಅಂದರೆ ಏನು ಅಂತ ನನಗೆ ಗೊತ್ತು. ನೀನು ಮೊದಲು ಕಪಾಟಿನಲ್ಲಿ ಇಟ್ಟದ್ದೂ ಕಣ್ಣಿಟ್ಟು ನೋಡಿಯೇ, ಆಮೇಲೆ ಮುದ್ರೆ ಒತ್ತಿದ್ದೂ ನೋಡಿಯೇ. ಸಿಬ್ಬಂದಿ ಅಂತೆ! ಆ ಸಿಬ್ಬಂದಿಗೆ ಒಂದು ಹೆಸರಿದೆ, ಅದು ನಮ್ಮಪ್ಪ ಇಟ್ಟದ್ದು. ಅದನ್ನು ಬರಿ. ಪದ್ಧತಿ ಯಾರದು ಅಂತ ಬರಿ. ಆರು ಕಾಗದ ಈ ಹೊತ್ತಿಗೂ ಕಪಾಟಿನಲ್ಲಿವೆ ಅಂತ ಮೊದಲನೇ ಸಾಲಿನಲ್ಲೇ ಬರಿ. ಇಲ್ಲ, ಬರೆಯುವ ತನಕವೂ ಕಾಯಬೇಡ. ಈ ಕಾಗದ ಓದಿ ಮುಗಿಸಿದ ಕೂಡಲೇ ಎದ್ದುಹೋಗಿ ಅವುಗಳನ್ನು ತೆಗೆದು ಮೇಲಿನವರ ಮೇಜಿನ ಮೇಲೆ ಇಡು. ಯಾರು ಏನಂದುಕೊಳ್ಳುತ್ತಾರೋ ಅಂದುಕೊಳ್ಳಲಿ.

ಆಮೇಲೆ ದೂರು ತೆಗೆದುಕೊಂಡು ಭಾನುವಾರ ಇಲ್ಲಿಗೆ ಬಾ. ನಿನ್ನ ಭಾವ ಮಾತನಾಡಿಸುವುದಿಲ್ಲ, ಅದಕ್ಕೆ ಸಿದ್ಧನಾಗಿ ಬಾ. ಅಂಚೆಯಲ್ಲಿ ಕಳಿಸಿದರೆ ಆಗುವುದಿಲ್ಲ. ಎಡಗೈಯಲ್ಲಿ ನಾನು ಸಹಿ ಮಾಡಬಲ್ಲೆ, ಆದರೆ ಮಾಡುವುದಿಲ್ಲ. ಹೋದದ್ದು ಬಲಗೈ, ದೂರಿನ ಕೆಳಗೆ ಅದರ ಹೆಬ್ಬೆಟ್ಟೇ ಬೀಳಬೇಕು. ಇಂಕಿನ ಪ್ಯಾಡು ತಾ. ನಿನ್ನೆ ಬೆರಳಿಗೆ ಪೆನ್ನಿನ ಇಂಕು ಬಳಿದು ಒಂದು ಹಳೇ ಚೀಟಿಯ ಮೇಲೆ ಒತ್ತಿ ನೋಡಿದೆ, ಗುರುತು ಸರಿಯಾಗಿ ಮೂಡಲೇ ಇಲ್ಲ. ಕಾಗದದ ಮೇಲೆ ಒತ್ತುವಷ್ಟೂ ಬಲ ಆ ಬೆರಳಿನಲ್ಲಿ ಉಳಿದಿಲ್ಲ. ನೀನೇ ಪಕ್ಕದಲ್ಲಿ ಕೂತು, ನನ್ನ ಹೆಬ್ಬೆರಳು ಹಿಡಿದು ಒತ್ತಬೇಕು.

ಅಕ್ಕ